ತಗಡು ಮೊದಲು, ಎಂಜಿನ್ ಆಮೇಲೆ

ಭಾರತದಲ್ಲಿ ತಯಾರಾದ ಹಳೆಯ ಸ್ಪೋರ್ಟ್ಸ್ ಸೆಡಾನ್‌ಗಳ ಕಾಲ ಸುಮಾರು ಇಪ್ಪತ್ತು ವರ್ಷದ್ದು. 1984ರ ಕಾಂಟೆಸಾದಿಂದ ಶುರುವಾಗಿ 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ವರೆಗೆ ಅದನ್ನು ಎಳೆಯಬಹುದು. ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಮನೆಮಂದಿಯೆಲ್ಲ ಕೂತು ಹೋಗುವಷ್ಟು ಜಾಗ. ಅದರ ಜೊತೆಗೆ ಎಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಒತ್ತುವಷ್ಟು ಕಸುವು. ಇಂಥ ಕಾರನ್ನು ಕಾಲೇಜಿನ ಗೇಟಿನ ಹೊರಗೆ ನಿಂತು ನೋಡಿದವರು ಈಗ ನಲವತ್ತು, ಐವತ್ತು ದಾಟಿದ್ದಾರೆ. ಮನೆಯ ಸಾಲ ತೀರಿದೆ, ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಆಗ ಕೊಳ್ಳಲಾಗದಿದ್ದನ್ನು ಈಗ ಕೊಂಡು ಹೊಸದರಂತೆ ಮಾಡಿಸಿಕೊಳ್ಳುವ ಆಸೆ ಹುಟ್ಟುವುದು ಈ ವಯಸ್ಸಿನಲ್ಲೇ. ಮಂಗಳೂರಿನಲ್ಲಿ ಈ ಆಸೆಗೆ ಇನ್ನೊಂದು ಕಾರಣವೂ ಇದೆ. ಗಲ್ಫ್‌ನಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುವವರು ಊರಿನಲ್ಲಿ ಕೊಂಡಿಟ್ಟ ಕಾರುಗಳು ಮನೆಯ ಶೆಡ್ಡಿನಲ್ಲಿ ಕವರ್ ಹೊದ್ದು ವರ್ಷಗಟ್ಟಲೆ ನಿಂತಿರುತ್ತವೆ. ಓಡಿದ ಕಿಲೋಮೀಟರು ಕಡಿಮೆ, ಮಾಲೀಕ ಒಬ್ಬನೇ. ಕೇಳಲು ಇದು ಚೆನ್ನಾಗಿದೆ. ಆದರೆ ಕರಾವಳಿಯಲ್ಲಿ ಕಾರು ಹಾಳಾಗಲು ಓಡಲೇಬೇಕೆಂದಿಲ್ಲ.

ಯಾವ ಕಾರು ಎಂಬುದನ್ನು ಮೊದಲು ನೋಡಬೇಕು. ಹಿಂದೂಸ್ತಾನ್ ಮೋಟರ್ಸ್ ಉತ್ತರಪಾರಾದಲ್ಲಿ ತಯಾರಿಸಿದ ಕಾಂಟೆಸಾ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಎಕ್ಸ್ ಕಾರಿನ ಅಚ್ಚಿನಿಂದ ಬಂದದ್ದು. ಉದ್ದ ಮೂತಿ, ಅಗಲ ಮೈ, ಸಿನಿಮಾದ ಖಳನಾಯಕನಿಗೆ ಒಪ್ಪುವ ಠೀವಿ ಎಲ್ಲ ಇತ್ತು. ಒಳಗೆ ಮಾತ್ರ ಅಂಬಾಸಿಡರ್‌ನದೇ 1489 ಸಿ.ಸಿ. ಎಂಜಿನ್, ಐವತ್ತರ ಆಸುಪಾಸಿನ ಅಶ್ವಶಕ್ತಿ. ನೋಟಕ್ಕೆ ಸ್ಪೋರ್ಟ್ಸ್ ಕಾರು, ನಡಿಗೆಗೆ ಮದುವೆ ದಿಬ್ಬಣ. ಮುಂದೆ ಇಸುಜುವಿನ 1817 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಸೇರಿ ಕಾಂಟೆಸಾ ಕ್ಲಾಸಿಕ್ ಆದ ಮೇಲೆಯೇ ಆ ಮೈಗೆ ತಕ್ಕ ಜೀವ ಬಂತು. 2002ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ಕಾಲದ ಪ್ರೀಮಿಯರ್ 118 ಎನ್‌ಇಯಲ್ಲಿ ಫಿಯೆಟ್ 124ರ ಮೈಗೆ ನಿಸಾನ್‌ನ 1171 ಸಿ.ಸಿ. ಎಂಜಿನ್ ಕೂಡಿಸಿದ್ದರು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಂಗ್ಲೆಂಡಿನ ರೋವರ್ ಕಾರನ್ನು ಸ್ಟ್ಯಾಂಡರ್ಡ್ 2000 ಎಂಬ ಹೆಸರಿನಲ್ಲಿ ತಂದಿತು. ಮೂರ್ನಾಲ್ಕು ವರ್ಷಕ್ಕೆ ಅದರ ಕಥೆ ಮುಗಿಯಿತು.

ನಿಜವಾದ ಓಟದ ಕಾರುಗಳು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. 1998ರಲ್ಲಿ ಹೋಂಡಾ ಸಿಟಿಯೂ ಮಿತ್ಸುಬಿಷಿ ಲ್ಯಾನ್ಸರ್ ಕೂಡ ಬಂದವು, 1999ರಲ್ಲಿ ಫೋರ್ಡ್ ಐಕಾನ್ ಮತ್ತು ಮಾರುತಿ ಬಲೆನೊ. ಇವಕ್ಕಿಂತ ಮೊದಲೇ ಇದ್ದ ಮಾರುತಿ ಎಸ್ಟೀಮ್ ಹಗುರ ಮೈಯ ಬಲದಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. 2000ರಲ್ಲಿ ಬಂದ ಸಿಟಿ ವಿಟೆಕ್‌ಗೆ ಇಂದಿಗೂ ಬೇಡಿಕೆ ಹೆಚ್ಚು. ಅದರ 1.5 ಲೀಟರ್ ಎಂಜಿನ್‌ಗೆ 106 ಅಶ್ವಶಕ್ತಿ. ಕೆಳಗಿನ ವೇಗದಲ್ಲಿ ವಾಲ್ವ್‌ಗಳು ಒಂದು ಅಳತೆಯಲ್ಲಿ ತೆರೆದುಕೊಳ್ಳುತ್ತವೆ. ಎಂಜಿನ್ ಸುತ್ತು ಏರಿದಾಗ ಆಯಿಲ್ ಒತ್ತಡವು ಸಣ್ಣದೊಂದು ಪಿನ್ನನ್ನು ತಳ್ಳಿ, ಬೇರೆ ಕ್ಯಾಮ್‌ಗೆ ಕೊಂಡಿ ಹಾಕುತ್ತದೆ; ವಾಲ್ವ್ ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೊತ್ತು ತೆರೆಯುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಹಳೆಯ ಕಾರಿನ ಹುಚ್ಚು ಇರುವವರಲ್ಲಿ ಅನೇಕರು ಹಣ ಕೊಡುವುದು ಆ ಒಂದು ದನಿಗೆ.

ಇವು ಯಾವುವೂ ಕಾನೂನಿನ ಕಣ್ಣಿಗೆ ವಿಂಟೇಜ್ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ, ವಿಂಟೇಜ್ ಎನಿಸಿಕೊಳ್ಳಲು ವಾಹನಕ್ಕೆ ಐವತ್ತು ವರ್ಷ ತುಂಬಿರಬೇಕು, ಮೂಲ ರೂಪ ಉಳಿದಿರಬೇಕು. ಅಂಥ ವಾಹನಕ್ಕೆ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರ ಸೇರಿದ ಪ್ರತ್ಯೇಕ ನೋಂದಣಿ ಸಿಗುತ್ತದೆ, ದಿನನಿತ್ಯದ ಓಡಾಟಕ್ಕೆ ಅವಕಾಶವಿರುವುದಿಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹಾಲಯವಿದೆ. ದಕ್ಷಿಣ ಕನ್ನಡದವರಿಗೆ ಹಳೆಯ ಕಾರು ಎಂದರೆ ಮೊದಲು ನೆನಪಾಗುವುದು ಅದೇ. ಅಲ್ಲಿನ ಕಾರುಗಳ ಸಾಲಿಗೆ ಸೇರಲು ಮೊದಮೊದಲ ಕಾಂಟೆಸಾಗಳೂ 2034ರ ತನಕ ಕಾಯಬೇಕು. ಸಿಟಿ ವಿಟೆಕ್ 2050ರ ತನಕ. ಅಲ್ಲಿಯವರೆಗೆ ಅವು ಬರಿಯ ಹಳೆ ವಾಹನಗಳು. ಶುಲ್ಕ, ತಪಾಸಣೆ, ತೆರಿಗೆ ಎಲ್ಲವೂ ಆ ಲೆಕ್ಕದಲ್ಲಿಯೇ.

ಕೊಳ್ಳಲು ಹೋಗುವವರು ಸಾಮಾನ್ಯವಾಗಿ ಬಾನೆಟ್ ಎತ್ತಿಸಿ ಎಂಜಿನ್ ಸದ್ದು ಕೇಳುತ್ತಾರೆ. ಮಂಗಳೂರಿನಲ್ಲಿ ಇದು ತಲೆಕೆಳಗಾದ ಕ್ರಮ. ಕಾಂಟೆಸಾದ ಇಸುಜು ಎಂಜಿನ್ನೇ ಅಂಬಾಸಿಡರ್ 1800 ಐಎಸ್‌ಝಡ್‌ನಲ್ಲೂ ಇತ್ತು. ಆದ್ದರಿಂದ ಪಿಸ್ಟನ್, ಗ್ಯಾಸ್ಕೆಟ್, ಬೇರಿಂಗ್ ಹುಡುಕಿದರೆ ಸಿಗುತ್ತವೆ. ಎಸ್ಟೀಮ್‌ನ ಎಂಜಿನ್ ಜಿಪ್ಸಿಯದೇ ವಂಶ, ಜಿಪ್ಸಿ ತೀರಾ ಇತ್ತೀಚಿನವರೆಗೂ ತಯಾರಾಗುತ್ತಿತ್ತು. ಎಂಜಿನ್ ಕೆಟ್ಟರೆ ಬಿಚ್ಚಿ, ಬೋರ್ ಮಾಡಿಸಿ, ಹೊಸ ರಿಂಗ್ ಹಾಕಿಸಬಹುದು. ತೀರಾ ಆಗದಿದ್ದರೆ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಿ ಆರ್‌ಸಿಯಲ್ಲಿ ಎಂಜಿನ್ ನಂಬರ್ ತಿದ್ದಿಸಬಹುದು. ಮೈಯ ತಗಡಿಗೆ ಇಂಥ ದಾರಿಯಿಲ್ಲ. ಕಾಂಟೆಸಾದ ಬಾಗಿಲು, ಸಿಟಿಯ ಹಿಂದಿನ ಫೆಂಡರ್, ಲ್ಯಾನ್ಸರ್‌ನ ಟೇಲ್ ಲ್ಯಾಂಪ್, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್: ಇವನ್ನೆಲ್ಲ ಕಂಪನಿಗಳು ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಮೈ ಗಟ್ಟಿಯಿದ್ದು ಎಂಜಿನ್ ಸತ್ತ ಕಾರು, ಎಂಜಿನ್ ಗುಂಯ್‌ಗುಡುತ್ತ ಮೈ ಕೊಳೆತ ಕಾರಿಗಿಂತ ಎಷ್ಟೋ ಪಾಲು ಒಳ್ಳೆಯ ವ್ಯಾಪಾರ.

ಮೈ ಕೊಳೆಯಲು ಈ ಊರಿನಲ್ಲಿ ಕಾರಣಗಳು ಒಂದೆರಡಲ್ಲ. ವರ್ಷಕ್ಕೆ 3500 ಮಿ.ಮೀ. ಮೀರುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಮಳೆ ನಿಂತರೂ ಗಾಳಿಯ ತೇವ ಇಳಿಯುವುದಿಲ್ಲ. ಸಮುದ್ರದ ಗಾಳಿ ತರುವ ಉಪ್ಪಿನ ಕಣ ತಗಡಿನ ಮೇಲೆ ಕೂತು ಗಾಳಿಯಿಂದ ನೀರು ಹೀರುತ್ತದೆ. ಅದರಲ್ಲಿರುವ ಕ್ಲೋರೈಡ್ ಕಬ್ಬಿಣದ ಮೇಲಿನ ರಕ್ಷಕ ಪದರವನ್ನು ಒಡೆಯುತ್ತದೆ. ಹೀಗಾಗಿ ಪಣಂಬೂರು, ತಣ್ಣೀರುಬಾವಿ, ಉಳ್ಳಾಲದಂಥ ಕಡಲ ದಂಡೆಯ ಊರುಗಳಲ್ಲಿ ನಿಂತ ಕಾರಿಗೂ, ಒಳನಾಡಿನ ಪುತ್ತೂರಿನಲ್ಲಿ ನಿಂತ ಕಾರಿಗೂ ವ್ಯತ್ಯಾಸ ಕಾಣುತ್ತದೆ. ಮುರಕಲ್ಲಿನ ಕೆಂಪು ಕೆಸರು ಇನ್ನೊಂದು ಶತ್ರು. ಅದು ಮಡ್‌ಗಾರ್ಡ್‌ನ ಮಡಿಕೆಯಲ್ಲಿ ಸೇರಿ, ಬಾಗಿಲಿನ ಅಡಿಯ ನೀರು ಹೋಗುವ ತೂತುಗಳನ್ನು ಮುಚ್ಚಿ, ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಮಂಜುಗಡ್ಡೆ ಕರಗಿದ ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಯುತ್ತ ಹೋಗುತ್ತದೆ. ಅದು ನೇರ ಹಿಂದಿನ ಕಾರಿನ ಅಡಿಗೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಿಂದ ಮೀನಿಗೆ ಸಿಗುವ ಬಿಡುವಿನಲ್ಲಿ ಕಾರಿಗೂ ಒಂದು ಪಾಲಿದೆ.

ಹಳೆಯ ಕಾಲದ ಭಾರತೀಯ ಕಾರುಗಳ ತಗಡಿಗೆ ಸತುವಿನ ಲೇಪದ ರಕ್ಷಣೆ ಇಂದಿನಷ್ಟು ಇರಲಿಲ್ಲ. ಅದರ ಮೇಲೆ, ಅವುಗಳಲ್ಲಿ ಹೆಚ್ಚಿನವಕ್ಕೆ ಒಂದಲ್ಲ ಎರಡು ಸಲ ಪೇಂಟ್ ಬಿದ್ದಿರುತ್ತದೆ. ಹೊಳೆಯುವ ಬಣ್ಣದಡಿಯಲ್ಲಿ ಪುಟ್ಟಿ ಎಷ್ಟು, ತಗಡು ಎಷ್ಟು ಎಂದು ತಿಳಿಯಲು ಹಳಬರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ತಗಡು ಟಣ್ಣೆನ್ನುತ್ತದೆ, ಪುಟ್ಟಿ ಮಂಕಾಗಿ ದೊಪ್ಪೆನ್ನುತ್ತದೆ. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಇನ್ನೂ ಒಳ್ಳೆಯ ಸಾಕ್ಷಿ; ಅದು ಹಿಡಿಯದೆ ಜಾರಿದ ಜಾಗದಲ್ಲಿ ಲೋಹ ದೂರವಿದೆ ಎಂದರ್ಥ. ಬಣ್ಣದ ದಪ್ಪ ಅಳೆಯುವ ಮೀಟರ್ ಕೂಡ ಈಗ ಸಿಗುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 150 ಮೈಕ್ರಾನ್ ದಾಟುವುದಿಲ್ಲ.

ನೋಡಬೇಕಾದ ಜಾಗಗಳೆಲ್ಲ ಕಣ್ಣಿಗೆ ಬೀಳದ ಜಾಗಗಳೇ. ಕಾಲಡಿಯ ಮ್ಯಾಟು ಎತ್ತಿ ಫ್ಲೋರ್ ಒತ್ತಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದರೆ ಅದರ ಗುಂಡಿಯಲ್ಲಿ ನೀರು ನಿಂತ ಗುರುತು ಸಿಗುತ್ತದೆ. ಬ್ಯಾಟರಿ ಕೂರುವ ತಟ್ಟೆ, ಬಾಗಿಲಡಿಯ ರನ್ನಿಂಗ್ ಬೋರ್ಡ್, ಮುಂದಿನ ಗಾಜಿನ ಬೀಡಿಂಗ್ ಅಡಿಯ ಚೌಕಟ್ಟು ಇವನ್ನು ಬಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬಾನೆಟ್‌ನೊಳಗೆ ಎರಡೂ ಬದಿಗೆ ಷಾಕ್ ಅಬ್ಸಾರ್ಬರ್‌ನ ತಲೆ ಕೂರುವ ಗೋಪುರದಂಥ ಜಾಗ. ಅಲ್ಲಿ ತುಕ್ಕು ತಗಡನ್ನು ತಿಂದು ತೂತು ಮಾಡಿದ್ದರೆ ಬೆಲೆ ಎಷ್ಟೇ ಇಳಿದರೂ ಕಾರನ್ನು ಅಲ್ಲೇ ಬಿಟ್ಟು ಬರುವುದು ಲೇಸು. ಗಾಡಿ ನೋಡಲು ಒಳ್ಳೆಯ ಕಾಲ ಯಾವುದೆಂದರೆ ತುಳುವರ ಆಟಿ ತಿಂಗಳ ಮಳೆಗಾಲ. ಬೇಸಿಗೆಯಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಮಳೆ ಹೊರಗೆ ಹಾಕುತ್ತದೆ. ಎಲ್ಲಿ ಸೋರುತ್ತದೆ, ಎಲ್ಲಿ ವಾಸನೆ ಬರುತ್ತದೆ, ಯಾವ ಲೈಟಿನೊಳಗೆ ನೀರಿದೆ ಎಂದು ಬ್ರೋಕರ್ ಹೇಳದಿದ್ದರೂ ತಿಳಿಯುತ್ತದೆ.

ಕಾಗದಪತ್ರಗಳ ವಿಷಯಕ್ಕೂ ತುಕ್ಕಿಗೂ ಸಂಬಂಧವಿದೆ. ಚಾಸಿ ನಂಬರನ್ನು ಮೈಯ ತಗಡಿನಲ್ಲೇ ಒತ್ತಿರುತ್ತಾರೆ. ಆರ್‌ಟಿಒ ತಪಾಸಣೆಯಲ್ಲಿ ಅದನ್ನು ಪೆನ್ಸಿಲಿನಿಂದ ಉಜ್ಜಿ ಕಾಗದದ ಮೇಲೆ ಅಚ್ಚು ತೆಗೆಯುವ ಪದ್ಧತಿ. ಆ ಅಂಕೆಗಳನ್ನು ತುಕ್ಕು ತಿಂದಿದ್ದರೆ ಕಾರಿನ ಗುರುತೇ ಅಳಿಸಿದಂತೆ, ಮುಂದಿನ ಕೆಲಸ ಬಲು ಕಷ್ಟ. ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಣ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು. ಇದರ ಮೇಲೆ ಹಸಿರು ತೆರಿಗೆ, ತಡವಾಗಿದ್ದರೆ ಹೆಚ್ಚುವರಿ ಶುಲ್ಕ. ಶೆಡ್ಡಿನಲ್ಲಿ ನಿಂತ ಕಾರುಗಳ ಆರ್‌ಸಿ ಅವಧಿ ಮುಗಿದಿರುವುದೇ ಹೆಚ್ಚು. ಹಳೆಯ ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಸಾಲದ ನಮೂದು ಹಾಗೇ ಉಳಿದಿರುತ್ತದೆ. ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35 ಕೊಟ್ಟು ಅದನ್ನು ತೆಗೆಸದೆ ಹೆಸರು ಬದಲಾಗುವುದಿಲ್ಲ. ಮೂಲ ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ, ಆಮೇಲೆ ಕೊಳ್ಳುವವರ ಹೆಸರಿಗೆ. ಈ ಎರಡು ಮೆಟ್ಟಿಲನ್ನು ಒಂದೇ ಸಲಕ್ಕೆ ಹಾರಿಸುತ್ತೇನೆನ್ನುವ ಏಜೆಂಟನ್ನು ನಂಬಬಾರದು. 2019ರ ಏಪ್ರಿಲ್‌ಗೆ ಮೊದಲು ನೋಂದಣಿಯಾದ ವಾಹನಗಳಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬೇಕು.

ತಲಪಾಡಿ ದಾಟಿದರೆ ಕೇರಳ. ಕಾಸರಗೋಡಿನ ಕೆಎಲ್ 14 ನಂಬರಿನ ಕಾರುಗಳು ಮಂಗಳೂರಿನಲ್ಲಿ ಮಾರಾಟಕ್ಕೆ ಬರುವುದು ಸಹಜ. ದೆಹಲಿಯಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್ ಕಾರಿಗೆ 10 ವರ್ಷವೆಂಬ ಮಿತಿ ಬಂದಾಗಿನಿಂದ ಅಲ್ಲಿನ ಕಾರುಗಳೂ ಅಗ್ಗದ ಬೆಲೆಗೆ ದಕ್ಷಿಣಕ್ಕೆ ಇಳಿದಿವೆ. ಒಣ ಹವೆಯ ಊರಿನ ಕಾರಿನಲ್ಲಿ ತುಕ್ಕು ಕಡಿಮೆ ಎಂಬುದು ನಿಜವಾದ ಆಕರ್ಷಣೆ. ಆದರೆ ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಮೂಲ ಆರ್‌ಟಿಒದಿಂದ ಎನ್‌ಒಸಿ ತಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ, ಕೆಎ 19 ನಂಬರ್ ಪಡೆಯಬೇಕು. ಎನ್‌ಒಸಿ ಕೈಗೆ ಬರುವ ಮೊದಲು ಪೂರ್ತಿ ಹಣ ಕೊಟ್ಟವರ ಪಾಡು ಕೋರ್ಟು ಕಚೇರಿ ಅಲೆದಷ್ಟೇ ದೊಡ್ಡದು.

ಎಂಜಿನ್ ಪರೀಕ್ಷೆಗೆ ಇಷ್ಟು ಸಾಕು. ಕಾರು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯ ಪಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಅಳೆದು ನೋಡಿದರೆ ಅವುಗಳ ನಡುವೆ ಹೆಚ್ಚು ಅಂತರವಿರಬಾರದು. ಹೋಂಡಾ, ಲ್ಯಾನ್ಸರ್ ಪೆಟ್ರೋಲ್, ಎಸ್ಟೀಮ್‌ಗಳಲ್ಲಿ ಟೈಮಿಂಗ್ ಬೆಲ್ಟ್ ರಬ್ಬರಿನದು. ಓಡದೆ ನಿಂತಿದ್ದರೂ ಅದು ಮುಪ್ಪಾಗುತ್ತದೆ. ಹೋಂಡಾದಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆದ್ದರಿಂದ ಮೀಟರ್ ಎಷ್ಟೇ ತೋರಿಸಲಿ, ಕಾರು ಮನೆಗೆ ಬಂದ ಮೊದಲ ವಾರದಲ್ಲೇ ಹೊಸ ಬೆಲ್ಟ್ ಬೀಳಬೇಕು.

ದುರಸ್ತಿಯಲ್ಲಿ ಮೊದಲ ಕೆಲಸ ಬಿಚ್ಚುವುದು. ಸೀಟು, ಕಾರ್ಪೆಟ್, ಬಾಗಿಲ ಪ್ಯಾಡು, ಬಂಪರ್, ದೀಪ, ಬೀಡಿಂಗ್ ಎಲ್ಲ ಹೊರಬರಬೇಕು. ತೆಗೆದ ಪ್ರತಿ ಸ್ಕ್ರೂವನ್ನು ಹೆಸರು ಬರೆದ ಪೊಟ್ಟಣದಲ್ಲಿ ಹಾಕಿ, ಪ್ರತಿ ಹಂತದ ಫೋಟೊ ತೆಗೆದಿಡುವುದು ಬೇಸರದ ಕೆಲಸ, ಆದರೆ ಆರು ತಿಂಗಳ ಬಳಿಕ ಜೋಡಿಸುವಾಗ ಬೇರೆ ದಿಕ್ಕಿಲ್ಲ. ಆಮೇಲೆ ಟಿಂಕರಿಂಗ್. ಖಾಸಗಿ ಬಸ್ಸುಗಳ ಜಿಲ್ಲೆಯಾದ್ದರಿಂದ ಇಲ್ಲಿ ಒಳ್ಳೆಯ ಟಿಂಕರ್‌ಗಳಿಗೆ ಬರವಿಲ್ಲ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಹೊಸ ತಗಡನ್ನು ಅದೇ ಆಕಾರಕ್ಕೆ ಬಡಿದು ಬೆಸೆಯಬೇಕು. ಗ್ಯಾಸ್ ವೆಲ್ಡಿಂಗ್‌ನ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ. ಸಿಒ2 ವೆಲ್ಡಿಂಗ್‌ನಲ್ಲಿ ಒಂದೊಂದು ಚುಕ್ಕೆ ಹಾಕಿ, ಆರಲು ಬಿಟ್ಟು ಮುಂದೆ ಹೋದರೆ ಸಪಾಟು ಉಳಿಯುತ್ತದೆ. ರನ್ನಿಂಗ್ ಬೋರ್ಡ್ ಕತ್ತರಿಸುವಾಗ ಬಾಗಿಲುಗಳು ಕಾರಿನಲ್ಲೇ ಇರಬೇಕು, ಒಳಗೆ ಅಡ್ಡ ಕಂಬಿಯ ಆಧಾರ ಬೇಕು. ಇಲ್ಲವಾದರೆ ಮೈ ನಡುವಿನಲ್ಲಿ ಜಗ್ಗಿ, ಆಮೇಲೆ ಯಾವ ಬಾಗಿಲೂ ನೆಟ್ಟಗೆ ಮುಚ್ಚುವುದಿಲ್ಲ. ಹಳೆ ತುಕ್ಕಿನ ಮೇಲೆಯೇ ಹೊಸ ತಗಡಿನ ಪ್ಯಾಚ್ ಬೆಸೆಯುವುದು ಅಗ್ಗದ ದಾರಿ. ಎರಡು ಪದರದ ನಡುವೆ ನೀರು ಸೇರಿ ಎರಡೇ ಮಳೆಗಾಲಕ್ಕೆ ಪ್ಯಾಚೂ ಹೋಗುತ್ತದೆ.

ಬರಿ ತಗಡನ್ನು ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಅದರ ಮೇಲೆ ಕಂದು ಬಣ್ಣದ ತೆಳು ಪೊರೆ ಕಾಣುತ್ತದೆ. ಅದರ ಮೇಲೆ ಬಳಿದ ಪ್ರೈಮರ್ ನಿಲ್ಲುವುದಿಲ್ಲ. ಆದ್ದರಿಂದ ಉಜ್ಜಿದಷ್ಟು ಭಾಗಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಬೆಸುಗೆಯ ಸಂದಿಗಳಿಗೆ ಸೀಲರ್, ರನ್ನಿಂಗ್ ಬೋರ್ಡ್‌ನಂಥ ಟೊಳ್ಳು ಭಾಗಗಳ ಒಳಗೆ ಮೇಣದಂಥ ದ್ರಾವಣ ಸಿಂಪಡಿಸಬೇಕು. ಅಡಿಗೆ ಕಪ್ಪು ಡಾಂಬರಿನಂಥ ಅಂಡರ್‌ಕೋಟಿಂಗ್ ಬಳಿಯುವ ರೂಢಿ ಇಲ್ಲಿ ವ್ಯಾಪಕ. ಶುದ್ಧ ತಗಡಿನ ಮೇಲೆ ಬಳಿದರೆ ಅದು ಕವಚ, ತುಕ್ಕಿನ ಮೇಲೆ ಬಳಿದರೆ ತುಕ್ಕಿಗೇ ರಕ್ಷಣೆ. ಮಾರಾಟಕ್ಕಿರುವ ಹಳೆ ಕಾರಿನ ಅಡಿಯಲ್ಲಿ ಹೊಚ್ಚ ಹೊಸ ಕಪ್ಪು ಲೇಪ ಕಂಡರೆ ಸಂತೋಷಪಡುವ ಬದಲು ಸ್ಕ್ರೂಡ್ರೈವರ್‌ನಿಂದ ಕೆರೆದು ನೋಡಬೇಕು.

ಬಣ್ಣಕ್ಕೆ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಸ್ಪ್ರೇ ಮಾಡಿದರೆ ಥಿನ್ನರ್ ಆವಿಯಾಗುತ್ತ ಮೇಲ್ಮೈಯನ್ನು ತಂಪು ಮಾಡಿ, ತೇವ ಹನಿಗಟ್ಟಿ, ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಮುಂದೆ ಗುಳ್ಳೆಯಾಗಿ ಏಳುತ್ತದೆ. ಮುಚ್ಚಿದ ಬೂತ್ ಇರುವ ವರ್ಕ್‌ಶಾಪ್‌ಗಳಲ್ಲಿ ವರ್ಷವಿಡೀ ಕೆಲಸ ಸಾಗುತ್ತದೆ. ಶೀಟಿನ ಮಾಡಿನಡಿ ಪೇಂಟ್ ಹೊಡೆಸುವವರು ಮಾತ್ರ ಅವಸರ ಮಾಡಬಾರದು. ಹೀಗೆ ಲೆಕ್ಕ ಹಾಕಿದರೆ ಆಟಿಯಲ್ಲಿ ನೋಡಿ ಕೊಳ್ಳುವುದು, ನವರಾತ್ರಿಯ ಹೊತ್ತಿಗೆ ಟಿಂಕರಿಂಗ್ ಮುಗಿಸುವುದು, ಚಳಿಗಾಲದಲ್ಲಿ ಬಣ್ಣ, ಬೇಸಿಗೆಗೆ ಮೊದಲು ಜೋಡಣೆ ಎಂಬ ವಾರ್ಷಿಕ ಚಕ್ರ ಈ ಊರಿಗೆ ಸರಿಹೊಂದುತ್ತದೆ.

ಬಿಡಿಭಾಗಗಳ ಹುಡುಕಾಟ ಊರಿನ ಗುಜರಿಯಲ್ಲಿ ಶುರುವಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಮುಂಬಯಿಯ ಕುರ್ಲಾದವರೆಗೂ ಹೋಗುತ್ತದೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು, ಹಿಂದೂಸ್ತಾನ್ ಮೋಟರ್ಸ್‌ನ ಉತ್ತರಪಾರಾ ಕಾರ್ಖಾನೆಯಲ್ಲಿ 2014ರಲ್ಲೇ ಕೆಲಸ ನಿಂತಿತು. ಹೀಗಾಗಿ ಒಂದೇ ಮಾದರಿಯ ಎರಡು ಕಾರು ಕೊಂಡು, ಒಂದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳುವವರಿದ್ದಾರೆ. ಜಾಗ ಇರುವವರಿಗೆ ಇದು ಬುದ್ಧಿವಂತಿಕೆ, ಫ್ಲ್ಯಾಟಿನವರಿಗೆ ನೆರೆಯವರೊಂದಿಗೆ ಜಗಳ. ಕೆಲಸಗಾರರ ವಿಷಯದಲ್ಲೂ ಮುಂದಾಲೋಚನೆ ಬೇಕು. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್‌ನಿಂದ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಬರುವ ಹುಡುಗರಿಗೆ ಸ್ಕ್ಯಾನರ್ ಹಿಡಿದು ಇಂಜೆಕ್ಷನ್ ಎಂಜಿನ್ ನೋಡುವುದು ಸಲೀಸು. ಕಾಂಟೆಸಾದ ಕಾರ್ಬುರೇಟರ್ ಟ್ಯೂನ್ ಮಾಡುವ ಕಿವಿ ಇರುವವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಈ ಒಂದು ಕಾರಣಕ್ಕೇ ಮೊದಲ ಸಲ ಹಳೆಯ ಕಾರು ಕೊಳ್ಳುವವರಿಗೆ ತೊಂಬತ್ತರ ದಶಕದ ಕೊನೆಯ ಇಂಜೆಕ್ಷನ್ ಕಾರುಗಳು ಹೆಚ್ಚು ಒಗ್ಗುತ್ತವೆ.

ಮೂಲ ರೂಪ ಬದಲಿಸುವ ಚಪಲಕ್ಕೆ ಕಾನೂನಿನ ಅಡ್ಡಿಯಿದೆ. ನೋಂದಣಿ ಪತ್ರದ ವಿವರಕ್ಕೂ ತಯಾರಕರ ಮೂಲ ವಿನ್ಯಾಸಕ್ಕೂ ಹೊಂದದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಹೇಳಿತು. ಬಣ್ಣ ಬದಲಾದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಬೇಕು. ಬದಲಿಸಲೇಬೇಕಾದವು ಬೇರೆ ಇವೆ: ಬ್ರೇಕಿನ ರಬ್ಬರ್ ಹೋಸ್, ವೀಲ್ ಸಿಲಿಂಡರ್ ಕಿಟ್, ತುಕ್ಕು ಹಿಡಿದ ಬ್ರೇಕ್ ಪೈಪು, ಸಸ್ಪೆನ್ಷನ್ ಬುಷ್, ಟೈರು. ಟೈರಿನ ಬದಿಯಲ್ಲಿ ಒತ್ತಿದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರದ ಟೈರು. ಅದರ ಹಲ್ಲು ಸವೆಯದಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಮಳೆಗೆ ಸಿಕ್ಕಾಗ 106 ಅಶ್ವಶಕ್ತಿಗಿಂತ ಈ ನಾಲ್ಕು ಅಂಕೆ ಮುಖ್ಯ.

ಪೆಟ್ರೋಲಿನದೂ ಹೊಸ ಸಮಸ್ಯೆ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20 ಮುಟ್ಟಿದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮಂಗಳೂರಿನ ಹವೆಯಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ತಳದಲ್ಲಿ ನೀರು ಬೇರ್ಪಟ್ಟು ಟ್ಯಾಂಕಿನ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಂಧನದ ಹೋಸು, ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸುವುದು, ಕಾರು ನಿಲ್ಲಿಸುವಾಗ ಟ್ಯಾಂಕ್ ತುಂಬಿಡುವುದು ಇದಕ್ಕಿರುವ ಉಪಾಯ.

ವಿಮೆಯಲ್ಲಿ ಥರ್ಡ್ ಪಾರ್ಟಿ ಕಡ್ಡಾಯ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ನಿಗದಿ ಮಾಡಿಕೊಳ್ಳಬಹುದು. ದುರಸ್ತಿಯ ಬಿಲ್ಲು, ಫೋಟೊ ಇದ್ದವರಿಗೆ ಆ ಮಾತಿನಲ್ಲಿ ಬಲವಿರುತ್ತದೆ. ಖರ್ಚು ಕೊಂಡ ಬೆಲೆಯನ್ನು ಮೀರುವುದು ಸಾಮಾನ್ಯ, ಮಾರಿದಾಗ ಅಷ್ಟೂ ವಾಪಸು ಬರುವುದು ಅಪರೂಪ. ಲಾಭದ ಲೆಕ್ಕದಲ್ಲಿ ಈ ಕೆಲಸಕ್ಕೆ ಇಳಿಯುವವರು ಬೇರೆ ವ್ಯಾಪಾರ ನೋಡಿಕೊಳ್ಳುವುದು ಒಳಿತು.

ಸಿದ್ಧವಾದ ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಬಾರದು. ಅದರೊಳಗೆ ತೇವ ಬೆವರಿನಂತೆ ಇಳಿದು ಬಣ್ಣ ಕೆಡುತ್ತದೆ. ಗಾಳಿಯಾಡುವ ಶೆಡ್ಡು ಸಾಕು. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸಿದರೆ ಸೈಲೆನ್ಸರ್ ಒಳಗೆ ನೀರು ಕೂತು ಅದೇ ತೂತಾಗುತ್ತದೆ. ಇಲಿಗಳು ವೈರಿಂಗ್ ಕಡಿಯದಂತೆ ಬಾನೆಟ್ ಒಳಗೆ ಆಗಾಗ ಇಣುಕಬೇಕು. ಕಡಲ ದಂಡೆಗೆ ಹೋಗಿ ಬಂದ ದಿನ, ಮಳೆಯಲ್ಲಿ ಹೆದ್ದಾರಿ ಓಡಿದ ದಿನ, ಮೇಲಿನ ಹೊಳಪಿಗಿಂತ ಮೊದಲು ಅಡಿಭಾಗಕ್ಕೆ ಸಿಹಿನೀರಿನ ಪೈಪು ಹಿಡಿಯಬೇಕು. ಬಾಗಿಲ ಕೆಳಗಿನ ತೂತುಗಳಲ್ಲಿ ಕಡ್ಡಿ ಆಡಿಸಿ ಕೆಂಪು ಕೆಸರು ತೆಗೆಯಬೇಕು.